ಕಾಫಿ ಸ್ಟೋರಿನ ಜಪಾನಿ ಸಮ್ಮೇಳನ

ನನ್ನ ತಮ್ಮನ ಮಗಳು ಹೋದ ತಿಂಗಳು ಬೆಂಗಳೂರಿಗೆ ಹೋಗಿ ಜಪಾನಿ ಕಾರ್ಟೂನುಗಳ ಅಭಿಮಾನಿಗಳ ಸಮ್ಮೇಳನ ಮುಗಿಸಿಕೊಂಡು ಬಂದಳು. ನೇರಳೆ ಬಣ್ಣದ ವಿಗ್ಗು, ಮೊಣಕಾಲು ಮುಚ್ಚುವ ಬೂಟು, ಬೆನ್ನಿಗೆ ಥರ್ಮೋಕೋಲಿನ ಕತ್ತಿ. ಫೋನಿನಲ್ಲಿ ಫೋಟೋ ತೋರಿಸುತ್ತಾ, "ಇದಕ್ಕೆ ಅನಿಮೆ ಕನ್ವೆನ್ಶನ್ ಅಂತಾರೆ ಅತ್ತೆ. ನಿಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿತ್ತು ಬಿಡಿ" ಎಂದಳು.

ನನಗೆ ಸಣ್ಣಪುಟ್ಟದ್ದಕ್ಕೆಲ್ಲ ಸಿಟ್ಟು ಬರುತ್ತದೆ. ಇದಕ್ಕೂ ಬಂತು. "ನಿಮ್ಮಪ್ಪ ಮೂಗು ಒರೆಸ್ಕಳಕ್ಕೂ ಬರ್ದೆ ಓಡಾಡ್ತಿದ್ದಾಗ್ಲೇ ನಾನು ಅಂಥದ್ದೊಂದಕ್ಕೆ ಹೋಗಿದ್ದೆ ಕಣೇ. ನಿಮ್ಮಪ್ಪನೂ ಬಂದಿದ್ದ, ಮೈತುಂಬ ಎಣ್ಣೆ ಡಬ್ಬ ಕಟ್ಕಂಡು" ಎಂದೆ. "ಎಲ್ಲಿ?" ಎಂದಳು. ಯಸಳೂರಿನ ಹತ್ತಿರ, ಒಂದು ಕಾಫಿ ಸ್ಟೋರಿನಲ್ಲಿ, ಅಂದರೆ ಕಾಫಿ ಮೂಟೆ ಪೇರಿಸಿಡುವ ಗೋಡೌನಿನಲ್ಲಿ ಎಂದೆ. ಅವಳು ನಕ್ಕಳು. ಆ ನಗುವಿಗೆ ಉತ್ತರ ಕೊಡದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಬ್ರೆಜಿಲಿನಲ್ಲಿ ಹಿಮ ಬೀಳದೇ ಹೋಗಿದ್ದರೆ ನಮ್ಮೂರಿಗೆ ಜಪಾನು ಬರುತ್ತಿರಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ಅಲ್ಲಿ ಕಾಫಿ ಗಿಡ ಸುಟ್ಟುಹೋಗಿ, ಇಲ್ಲಿ ಕಾಫಿಗೆ ಕಂಡು ಕೇಳರಿಯದ ರೇಟು ಬಂತು. ದೊಡ್ಡ ಎಸ್ಟೇಟಿನವರು ಕಾರು ಕೊಂಡರು, ಅವರಿಗಿಂತ ಸಣ್ಣವರು ಜೀಪು ಕೊಂಡರು. ಇನ್ನೂ ಸಣ್ಣವರಾದ ನಾವು ಬಣ್ಣದ ಟಿವಿ ಕೊಂಡು, ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಡಿಶ್ ನಿಲ್ಲಿಸಿದೆವು. ದೊಡ್ಡಪ್ಪ ಅದನ್ನು ಹಾಕಿಸಿದ್ದು ಕ್ರಿಕೆಟ್ಟಿಗೆ. ಆದರೆ ಮಂಗಗಳು ಅದರ ಮೇಲೆ ಕೂತು ಜೋಕಾಲಿಯಾಡಿ ಯಾವುದೋ ದಿಕ್ಕಿಗೆ ತಿರುಗಿಸಿದವು. ಕ್ರಿಕೆಟ್ ಹೋಯಿತು, ಯಾವುದೋ ದೇಶದ ಚಾನೆಲ್ಲು ಬಂತು. ಸರಿ ಮಾಡಲು ಪೇಟೆಯಿಂದ ಆಳು ಬರುವಷ್ಟರಲ್ಲಿ ಮಕ್ಕಳಾದ ನಾವು ಅದಕ್ಕೆ ಅಂಟಿಕೊಂಡುಬಿಟ್ಟಿದ್ದೆವು. ಅತ್ತು ಕರೆದು ಡಿಶ್ಶನ್ನು ಹಾಗೇ ಉಳಿಸಿಕೊಂಡೆವು.

ಸಂಜೆ ಐದೂವರೆಗೆ ಶುರುವಾಗುತ್ತಿತ್ತು. ಕೆಂಪು ಕೋಟು ತೊಟ್ಟ, ಮೋಟುಗೂದಲಿನ ಒಬ್ಬಳು ಹುಡುಗಿ. ಅವಳ ಹಿಂದೆಯೇ ತೆಂಗಿನಮರದೆತ್ತರದ ಕಬ್ಬಿಣದ ಮನುಷ್ಯ. ಅವರಿಗೆ ಸದಾ ಅಡ್ಡ ಬರುವ ಬಿಳಿ ಕೂದಲಿನ ಉದ್ದನೆಯ ಗಂಡಸು. ಮೂವರೂ ಗಾಳಿಯಲ್ಲಿ ಹಾರುತ್ತಾ, ಕಿರುಚುತ್ತಾ, ಬೆಟ್ಟ ಒಡೆಯುತ್ತಾ ಇರುತ್ತಿದ್ದರು. ಅವರು ಆಡುತ್ತಿದ್ದ ಭಾಷೆ ಜಪಾನಿಯೋ ಚೀನಿಯೋ ಇವತ್ತಿಗೂ ನನಗೆ ಗೊತ್ತಿಲ್ಲ. ಒಂದು ಅಕ್ಷರ ಅರ್ಥವಾಗದಿದ್ದರೂ ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು.

ನಮ್ಮದು ಕೂಡಿದ ಮನೆ. ಅಮ್ಮನಿಗೆ ಅಂಗನವಾಡಿ ಕೆಲಸವಿದ್ದುದರಿಂದ ಅಡಿಗೆಮನೆ ಪೂರ್ತಿ ದೊಡ್ಡಮ್ಮನದು. ಹಾಗೆಂದರೆ ಅಲ್ಲಿನ ಅಧಿಕಾರ ಅವಳದು ಎಂದಲ್ಲ, ಕೆಲಸ ಅವಳದು. ದೊಡ್ಡಪ್ಪ ಜಗಲಿಯ ಮೇಲೆ ಕೂತು ಕರೆಯುವರು. ಇವಳೇ, ಕಾಫಿ. ಇವಳೇ, ಎಲೆಡಿಕೆ ತಟ್ಟೆ. ಇವಳೇ, ನನ್ನ ಕನ್ನಡಕ. ಕನ್ನಡಕ ಅವರ ಹಣೆಯ ಮೇಲೇ ಇರುತ್ತಿತ್ತು, ಅದನ್ನು ಹೇಳುವುದಕ್ಕೂ ದೊಡ್ಡಮ್ಮನೇ ಒಳಗಿನಿಂದ ಬರಬೇಕಿತ್ತು. ಕೆಟ್ಟವರಲ್ಲ ದೊಡ್ಡಪ್ಪ. ಕರೆದರೆ ಬರುತ್ತಾರೆ ಎಂದು ಗೊತ್ತಿದ್ದ ಮನುಷ್ಯ, ಅಷ್ಟೇ.

ಒಂದು ದಿನ ಅಕ್ಕಿ ಕೇರುತ್ತಿದ್ದ ದೊಡ್ಡಮ್ಮ ಮೊರ ಹಿಡಿದುಕೊಂಡೇ ನಮ್ಮ ಹಿಂದೆ ಬಂದು ನಿಂತಳು. ನನ್ನ ತಮ್ಮ ಕೇಳಿದ: "ದೊಡ್ಡಮ್ಮ, ಆ ಬಿಳಿ ಕೂದ್ಲೋನು ಯಾಕೆ ಅವಳನ್ನ ಹೋಗಕ್ಕೇ ಬಿಡ್ತಿಲ್ಲ?"

ದೊಡ್ಡಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಅವ್ನು ಅವಳ ಮಾವ ಕಣೋ, ಗಂಡನ ಅಪ್ಪ. ಅವಳಿಗೆ ತವರಿಗೆ ಹೋಗ್ಬೇಕು. ಹೋಗ್ಬುಟ್ರೆ ಇವನ ಮನೆ ಕೆಲ್ಸ ಮಾಡೋರ್ಯಾರು?"

"ಗಂಡ ಎಲ್ಲವ್ನೆ?"

"ಮಿಲಿಟ್ರಿಲಿ ಅವ್ನೆ. ರಜಾ ಸಿಕ್ಕಿಲ್ಲ."

"ಈ ಕಬ್ಬಿಣದೋನು?"

"ಅವಳ ತವರಿನ ಮನೆದೇವ್ರು ಕಳ್ಸಿರೋ ಆಳು. ಮಾತು ಬರಲ್ಲ, ನಿಯತ್ತು ಐತೆ."

ಅಲ್ಲಿಗೆ ಎಲ್ಲವೂ ಸರಿಯಾಗಿ ಕೂತಿತು. ಮಾರನೆಯ ದಿನ ದೊಡ್ಡಮ್ಮ ಮೊರ ಇಟ್ಟು ಬಂದಳು. ಅದರ ಮಾರನೆಯ ದಿನ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. ಅಕ್ಕಪಕ್ಕದ ಮನೆಗಳ, ಎಸ್ಟೇಟಿನ ಕೂಲಿಯವರ ಲೈನಿನ ಮಕ್ಕಳೆಲ್ಲ ಬಂದು ತುಂಬಿಕೊಂಡರು. ನಾವು ನೋಡುತ್ತಿದ್ದದ್ದು ಟಿವಿ, ಕೇಳುತ್ತಿದ್ದದ್ದು ದೊಡ್ಡಮ್ಮನನ್ನು. ಅವಳ ಕಥೆಯಲ್ಲಿ ಆ ಹುಡುಗಿ ದಿನವೂ ತವರಿಗೆ ಗಂಟು ಕಟ್ಟುವಳು, ಹೊರಡುವ ಹೊತ್ತಿಗೆ ಸರಿಯಾಗಿ ಏನಾದರೊಂದು ಬಂದು ವಕ್ಕರಿಸಿಕೊಳ್ಳುವುದು. ತೆರೆಯ ಮೇಲೆ ಅದು ಬೆಂಕಿ ಉಗುಳುವ ಮೂರು ತಲೆಯ ಹಾವಾಗಿದ್ದರೆ, ದೊಡ್ಡಮ್ಮ "ನೋಡು, ಹೇಳ್ದೆ ಕೇಳ್ದೆ ನೆಂಟ್ರು ಬಂದವ್ರೆ" ಎನ್ನುವಳು. ಹುಡುಗಿ ಕತ್ತಿ ಬೀಸಿ ಅವರನ್ನು ಸಾಗಹಾಕುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ದೊಡ್ಡಮ್ಮನ ತವರು ಆಲೂರು ಕಡೆಯ ಮಗ್ಗೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಸೇರಬಹುದಾದ ದೂರ. ಹಬ್ಬಕ್ಕೆ ಹೋದರೆ ಎರಡನೇ ದಿನಕ್ಕೆ ದೊಡ್ಡಪ್ಪನಿಗೆ ನೆಗಡಿಯಾಯಿತೆಂದು ಹೇಳಿಕಳಿಸುತ್ತಿದ್ದರು, ವಾಪಸು ಬರುತ್ತಿದ್ದಳು.

ಐದೂವರೆಯಿಂದ ಆರರವರೆಗಿನ ಅರ್ಧ ಗಂಟೆ ಮಾತ್ರ ಅವಳದೇ ಆಗಿತ್ತು. ಜಗಲಿಯಿಂದ "ಇವಳೇ" ಎಂದು ಕೇಳಿದರೆ ನಾವೆಲ್ಲ ಒಟ್ಟಿಗೆ "ಶ್ಶ್" ಎನ್ನುತ್ತಿದ್ದೆವು. ದೊಡ್ಡಪ್ಪ ಗೊಣಗಿ ಸುಮ್ಮನಾಗುತ್ತಿದ್ದರು. ಇಡೀ ದಿನದಲ್ಲಿ ಯಾರೂ ಅವಳನ್ನು ಏನೂ ಕೇಳದ ಹೊತ್ತು ಅದೊಂದೇ. ಕಟ್ಟಿ ಹೇಳುತ್ತಿದ್ದಾಳೆ ಎಂದು ಹೈಸ್ಕೂಲಿಗೆ ಬಂದಿದ್ದ ನನಗೆ ಬೇಗನೇ ಗೊತ್ತಾಯಿತು. ಗೊತ್ತಾದ ಮೇಲೆ ಕಥೆ ಇನ್ನೂ ಇಷ್ಟವಾಯಿತು.

ಆಮೇಲೊಂದು ದಿನ ಚಾನೆಲ್ಲೇ ಮಾಯವಾಯಿತು. ಅದಕ್ಕೆ ಬೀಗ ಹಾಕಿದ್ದಾರೆ, ಬೇರೆ ಡಬ್ಬ ಕೊಳ್ಳಬೇಕು ಎಂದರು ಪೇಟೆಯವರು. ತೆರೆಯ ತುಂಬ ಅಕ್ಕಿ ನುಚ್ಚು ಎರಚಿದಂತೆ ಬಿಳಿ ಚುಕ್ಕೆ, ಬರೀ ಸೊರ್ರೋ ಎನ್ನುವ ಸದ್ದು. ಮಕ್ಕಳ ಮುಖ ಬಾಡಿತು. ದೊಡ್ಡಮ್ಮ ಬಂದಳು, ನೋಡಿದಳು, ಎಂದಿನಂತೆ ಕೂತಳು. "ಮಂಜು ಮುಚ್ಕಂಡೈತೆ" ಎಂದಳು. "ಅವಳು ಕಾಣ್ತಿಲ್ಲ. ಆದ್ರೆ ಒಳಗೆ ನಡೀತಾ ಅವಳೆ."

ಆ ಮಂಜು ಕಾಫಿ ಕುಯ್ಲು ಮುಗಿದರೂ ಕರಗಲಿಲ್ಲ. ದಿನವೂ ಐದೂವರೆಗೆ ನಾವು ಚುಕ್ಕೆಗಳನ್ನು ನೋಡುತ್ತಾ ಕೂರುತ್ತಿದ್ದೆವು, ದೊಡ್ಡಮ್ಮ ಮಂಜಿನೊಳಗೆ ನಡೆಯುವುದನ್ನು ಹೇಳುತ್ತಿದ್ದಳು. "ಟಿವಿನೇ ಬರ್ತಿಲ್ಲ, ಏನ್ ನೋಡ್ಕಂಡ್ ಕುಂತಿದೀಯೇ?" ಎಂದು ದೊಡ್ಡಪ್ಪ ರೇಗಿದರು. "ಟಿವಿ ನಿಂತೈತೆ, ಕಥೆ ನಿಂತಿಲ್ವಲ್ಲ" ಎಂದಳು ದೊಡ್ಡಮ್ಮ.

ಮೇ ರಜೆಗೆ ಬಂಗಲೆ ಹುಡುಗ ಬಂದ. ಪಕ್ಕದ ದೊಡ್ಡ ಎಸ್ಟೇಟಿನವರ ಮಗ, ನನಗಿಂತ ಎರಡು ವರ್ಷ ದೊಡ್ಡವನು, ಊಟಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ನಾವು ಕಣದಲ್ಲಿ ಮಾವ-ಸೊಸೆ ಆಟ ಆಡುವುದನ್ನು ಬೇಲಿಯಾಚೆ ನಿಂತು ನೋಡಿ, ಆ ಕೆಂಪು ಕೋಟು, ಆ ಕಬ್ಬಿಣದ ಮನುಷ್ಯ ಯಾರೆಂದು ಕಂಡುಹಿಡಿದುಬಿಟ್ಟ. ಸಿಂಗಾಪುರದ ಚಿಕ್ಕಪ್ಪ ಕಳಿಸಿದ, ಅದೇ ಕಾರ್ಟೂನಿನ ಕ್ಯಾಸೆಟ್ಟುಗಳು ಅವನ ಹತ್ತಿರ ಇದ್ದವು. ಕೊನೆಯ ಕಂತೂ ಇತ್ತು. ಅಮೆರಿಕದಲ್ಲಿ ಅಭಿಮಾನಿಗಳು ವೇಷ ಹಾಕಿಕೊಂಡು ಒಂದೆಡೆ ಸೇರಿ ಇಂಥವನ್ನು ನೋಡುತ್ತಾರಂತೆ, ಅದನ್ನು ಕನ್ವೆನ್ಶನ್ ಅನ್ನುತ್ತಾರಂತೆ, ನಮ್ಮ ಸ್ಟೋರಿನಲ್ಲೂ ಮಾಡೋಣ ಎಂದ. ಮೇ ತಿಂಗಳಲ್ಲಿ ಕಾಫಿ ಎಲ್ಲ ಸಾಗಿ ಸ್ಟೋರು ಖಾಲಿ ಬಿದ್ದಿರುತ್ತದೆ. ನಾನು ಕುಣಿದುಬಿಟ್ಟೆ.

ಮನೆಗೆ ಓಡಿ ಹೇಳಿದರೆ ದೊಡ್ಡಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಕೊನೇದಾ?" ಎಂದಳು. "ಆ ಕ್ಯಾಸೆಟ್ಟು ಬರದೇ ಬ್ಯಾಡ ಕಣೇ ಮಗಾ. ಕೊನೆ ಬಂದ್ರೆ ಮುಗೀತಲ್ಲ."

"ಮುಗಿಲಿ ಬಿಡು ದೊಡ್ಡಮ್ಮ."

"ಮುಗಿದ್ರೆ ಐದೂವರೆಗೆ ನಾನೇನಂತ ಕೂರ್ಲಿ?" ಎಂದು, ಕಾವಲಿಯ ಮೇಲೆ ಕರಕಾಗುತ್ತಿದ್ದ ರೊಟ್ಟಿ ತಿರುವಿದಳು. "ಅದೂ ಅಲ್ದೆ, ಅಲ್ಲಿ ಬೇರೆ ಥರ ಇದ್ರೆ? ಇಷ್ಟ್ ದಿನ ಸುಳ್ಳು ಹೇಳ್ಕಂಡ್ ಕುಂತಿದ್ಳು ಅಂತಾರೆ ನಿಮ್ ದೊಡ್ಡಪ್ಪ." ದೊಡ್ಡಮ್ಮನ ಕಥೆ ಸುಳ್ಳಾಗಬಾರದು ಎಂದಿತ್ತು ನನಗೆ. ಕೊನೆಯನ್ನು ನೋಡಬೇಕು ಎನ್ನುವ ಆಸೆಯೂ ಅಷ್ಟೇ ಇತ್ತು. ಎರಡೂ ಒಟ್ಟಿಗೆ ಇದ್ದರೆ ಮನುಷ್ಯ ಏನು ಮಾಡುತ್ತಾನೆ? ತಯಾರಿ ಮಾಡುತ್ತಾನೆ.

ಬಂಗಲೆ ಹುಡುಗನ ಲೆಕ್ಕದಲ್ಲಿ ಕನ್ವೆನ್ಶನ್ ಎಂದರೆ ಸುಮ್ಮನೆ ಸೇರುವುದು, ನೋಡುವುದು, ಮಾತಾಡುವುದು. ನಮ್ಮಲ್ಲಿ ಹಾಗೆಲ್ಲ ಸುಮ್ಮನೆ ಸೇರುವ ಪದ್ಧತಿ ಇಲ್ಲ. ಜನ ಸೇರಿದರೆ ಅದು ಸಭೆ. ಸಭೆಯೆಂದರೆ ಪ್ರಾರ್ಥನೆ, ಸ್ವಾಗತ, ಹಾರ, ವಂದನಾರ್ಪಣೆ. "ಅಧ್ಯಕ್ಷರಿಲ್ದೆ ಸಭೆ ಮಾಡ್ತೀಯೇನಪ್ಪ? ಗಂಡಿಲ್ದೆ ಮದ್ವೆ ಮಾಡ್ದಂಗೆ" ಎಂದರು ದೊಡ್ಡಪ್ಪ. ಕುರ್ಚಿ, ಜಮಖಾನ ಕೊಡುವವರು ಅವರೇ ಆದ್ದರಿಂದ ಅಧ್ಯಕ್ಷರೂ ಅವರೇ ಆದರು. ಮನೆಮನೆಗೆ ಹೋಗಿ ಕರೆದೆವು, ಕರೆದ ಮೇಲೆ ಊಟ ಹಾಕದಿರಲು ಆಗುತ್ತದೆಯೇ? ಬೇಡ ಬೇಡ ಎನ್ನುತ್ತಿದ್ದ ದೊಡ್ಡಮ್ಮನೇ ರಾತ್ರಿ ಅಕ್ಕಿ ತರಿ ಒಡೆಸಿ, ಬೆಳಿಗ್ಗೆ ಹಂಡೆಯಲ್ಲಿ ಕಡುಬು ಬೇಯಿಸಿದಳು. ಬಂದವರು ಹಸಿದು ಹೋಗಬಾರದು ಎಂಬ ವಿಷಯದಲ್ಲಿ ಅವಳಿಗೆ ಜಪಾನೂ ಒಂದೇ, ನಾಮಕರಣವೂ ಒಂದೇ.

ಸಕಲೇಶಪುರದಿಂದ ವಿಡಿಯೋ ಬಾಡಿಗೆಯ ಭಾಯಿ ವ್ಯಾನಿನಲ್ಲಿ ಟಿವಿ, ವಿಸಿಆರ್ ಇಳಿಸಿ, "ಸಂಜೆ ಇಲ್ಲೇ ಆಲೂರು ಕಡೆ ಹೊಸಕೋಟೆಲಿ ಮದುವೆ ಮನೆಗೆ ಕೊಡ್ಬೇಕು, ಬೇಗ ಮುಗಿಸ್ರಪ್ಪ" ಎಂದರು. ಬಂಗಲೆ ಹುಡುಗ ಸ್ಟೋರಿನ ಬಾಗಿಲಲ್ಲಿ ನಿಂತು ವೇಷಗಳನ್ನು ನೋಡಿ ಕಂಗಾಲಾದ. ನಾನು ಮೇ ತಿಂಗಳ ಸೆಕೆಯಲ್ಲಿ ಕೆಂಪು ಉಣ್ಣೆ ಸ್ವೆಟರು ತೊಟ್ಟು, ಕಂಕುಳಲ್ಲಿ ತವರಿಗೆ ಒಯ್ಯುವ ಗಂಟು ಇಟ್ಟುಕೊಂಡಿದ್ದೆ. ಗಂಟಿನಲ್ಲಿ ಬಾಳೆಹಣ್ಣು, ಕಾಫಿಪುಡಿ. ತಮ್ಮ ಎಣ್ಣೆ ಡಬ್ಬಗಳನ್ನು ಹಗ್ಗದಿಂದ ಬಿಗಿದುಕೊಂಡು ಕೂರಲಾರದೆ ಗೋಡೆಗೆ ಒರಗಿದ್ದ. ಲೈನಿನ ಮೂವರು ಮಾವನ ವೇಷದಲ್ಲಿದ್ದರು, ಬೂರುಗದ ಹತ್ತಿಯ ಬಿಳಿ ಕೂದಲು, ಪಂಚೆ, ಹೆಗಲ ಮೇಲೆ ಟವಲು, ಕೈಯಲ್ಲಿ ಕೊಡೆ. ಒಬ್ಬ ಹುಡುಗ ಖಾಕಿ ಅಂಗಿ ತೊಟ್ಟು ಬಂದಿದ್ದ.

"ನೀನು ಯಾರು?" ಎಂದ ಬಂಗಲೆ ಹುಡುಗ.

"ಗಂಡ. ಮಿಲಿಟ್ರಿಯಿಂದ ರಜಾ ಸಿಕ್ತು."

"ಆ ಕಥೆಯಲ್ಲಿ ಗಂಡನೇ ಇಲ್ಲ!"

"ಅದ್ಕೇ ಬಂದಿದೀನಿ" ಎಂದ ಅವನು.

ಪ್ರಾರ್ಥನೆಯಾಯಿತು, ಸ್ವಾಗತವಾಯಿತು. ದೊಡ್ಡಪ್ಪ ಟಿವಿಗೆ ಹೊದಿಸಿದ್ದ ಬಟ್ಟೆ ಸರಿಸಿ ಉದ್ಘಾಟನೆ ಮಾಡಿ, ಮೈಕಿಲ್ಲದಿದ್ದರೂ ಮೈಕು ಹಿಡಿದವರಂತೆ ಕೈ ಮಾಡಿಕೊಂಡು ಭಾಷಣಕ್ಕೆ ನಿಂತರು. ಕಾಫಿ ರೇಟು, ಮೆಣಸಿನ ಬಳ್ಳಿಯ ರೋಗ, ರಸ್ತೆಯ ಗುಂಡಿ ಎಲ್ಲವನ್ನೂ ಸುತ್ತಿ ಬಂದು ಕೊನೆಗೆ, "ಇನ್ನು ಆ ಹುಡುಗಿ ವಿಚಾರ. ಮೊನ್ನೆ ಮಂಜಿನಲ್ಲಿ ಗಂಟು ಕಳ್ಕಂಡ್ಳಲ್ಲ, ಅದು ಮಾವನದೇ ಕೆಲಸ ಅಂತ ನನ್ನ ಅಭಿಪ್ರಾಯ" ಎಂದರು. ಇಡೀ ಸ್ಟೋರು ಗೊಳ್ಳೆಂದು ನಕ್ಕಿತು. ದಿನವೂ ಜಗಲಿಯಲ್ಲಿ ಕಿವಿ ನಿಮಿರಿಸಿಕೊಂಡು ಕೇಳುತ್ತಿದ್ದರು ಮಹಾನುಭಾವರು! ಹಿಂದೆ ಕಡುಬಿನ ಹಂಡೆಯ ಪಕ್ಕ ನಿಂತಿದ್ದ ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಆಮೇಲೆ ಬಂಗಲೆ ಹುಡುಗ ಎದ್ದ. ಪಾಪ, ಅವನಿಗೆ ಯಾರ ಮೇಲೂ ದ್ವೇಷವಿರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳುವ ಹುಡುಗ. ಅವಳು ಸೊಸೆಯಲ್ಲ, ಮನುಷ್ಯಳೂ ಅಲ್ಲ, ಅವಳೊಂದು ಯಂತ್ರ ಎಂದ. ಬಿಳಿ ಕೂದಲಿನವನು ಅವಳನ್ನು ತಯಾರಿಸಿದ ವಿಜ್ಞಾನಿ. ಅವಳಿಗೆ ತಾಯಿ ಇಲ್ಲ, ತವರೂ ಇಲ್ಲ.

ಗಲಾಟೆಯೆದ್ದಿತು. ಮೂವರು ಮಾವಂದಿರೂ ಕೊಡೆ ಎತ್ತಿ ಎದ್ದು ನಿಂತರು. "ಸುಳ್ಳು! ತವರು ಐತೆ!" ಎಂದು ಡಬ್ಬದೊಳಗಿಂದ ನನ್ನ ತಮ್ಮ ಕೂಗಿದ. ನಾನು ಹಿಂದೆ ತಿರುಗಿ ನೋಡಿದೆ. ದೊಡ್ಡಮ್ಮನ ಮುಖದಲ್ಲಿ ನಗು ಇರಲಿಲ್ಲ. ದೊಡ್ಡಪ್ಪನೂ ಕುರ್ಚಿಯಲ್ಲಿ ತಿರುಗಿ ಅವಳನ್ನೇ ನೋಡುತ್ತಿದ್ದರು. ನನಗೆ ಅವನ ಕ್ಯಾಸೆಟ್ಟು ಕಿತ್ತು ತೋಟಕ್ಕೆ ಎಸೆಯುವಷ್ಟು ಕೋಪ ಬಂತು. ಅಷ್ಟರಲ್ಲಿ ಭಾಯಿ, "ಟೈಮ್ ಆಯ್ತು, ಒಂದೇ ಕಂತು ಹಾಕ್ತೀನಿ" ಎಂದು ಕೊನೆಯದನ್ನೇ ಹಾಕಿಬಿಟ್ಟರು.

ಎಲ್ಲರೂ ಕೂತರು. ತಿಂಗಳುಗಟ್ಟಲೆ ಮಂಜಿನಲ್ಲಿ ಮುಚ್ಚಿಹೋಗಿದ್ದ ಹುಡುಗಿ ಬಣ್ಣ ತುಂಬಿಕೊಂಡು ಬಂದಾಗ ಯಾರೋ ಚಪ್ಪಾಳೆ ತಟ್ಟಿದರು. ಅವಳು ಕೊನೆಯ ಯುದ್ಧ ಮಾಡಿದಳು, ಗೆದ್ದಳು, ಹುಲ್ಲುಗಾವಲಿನ ನಡುವೆ ನಡೆದಳು. ನಡೆಯುತ್ತಾ ನಡೆಯುತ್ತಾ ನಿಧಾನವಾಗಿ ಕುಸಿದು ಮಲಗಿದಳು. ಅವಳ ಎದೆಯಲ್ಲಿದ್ದ ಸಣ್ಣ ಬೆಳಕು ಆರಿತು. ಕಬ್ಬಿಣದ ಮನುಷ್ಯ ಅವಳ ಪಕ್ಕ ಕೂತ. ಬಿಳಿ ಕೂದಲಿನವನು ಅವಳ ತಲೆಯ ಹತ್ತಿರ ಮಂಡಿಯೂರಿ ಅತ್ತ. ಒಂದು ಹಾಡು ಬಂತು, ಮುಗಿಯಿತು.

"ಅವಳ ಬ್ಯಾಟರಿ ಮುಗಿದುಹೋಯಿತು. ಅಷ್ಟೇ" ಎಂದ ಬಂಗಲೆ ಹುಡುಗ. ಅವನ ಧ್ವನಿಯೂ ಸ್ವಲ್ಪ ಒಡೆದಿತ್ತು.

ಡಬ್ಬದೊಳಗೆ ತಮ್ಮ ಅಳಲು ಶುರು ಮಾಡಿದ. ಒಳಗೆ ಕೈ ಹಾಕಿ ಕಣ್ಣು ಒರೆಸಿಕೊಳ್ಳಲೂ ಆಗದೆ ತಗಡು ಗಡಗಡ ಎನ್ನುತ್ತಿತ್ತು. ಅವನನ್ನು ನೋಡಿ ಮಾವಂದಿರೂ ಅತ್ತರು. ಆಮೇಲೆ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ಎಲ್ಲರೂ ನೋಡುತ್ತಿದ್ದುದು ದೊಡ್ಡಮ್ಮನನ್ನು.

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದಳು. ಅಷ್ಟು ಜನರ ನಡುವೆ ಅವಳು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ಯಾಕ್ರೋ ಅಳ್ತೀರಾ?" ಎಂದಳು. "ಸತ್ತಂಗ್ ಕಾಣ್ತದಾ ಅದು? ಮಲಗವಳೆ. ತವರು ಸೇರವಳೆ, ಮಲಗವಳೆ. ಅಷ್ಟು ನೆಮ್ಮದಿಯಾಗಿ ಬೇರೆ ಎಲ್ಲಾದ್ರೂ ಮಲಗಕ್ಕಾಯ್ತದಾ?"

"ಬ್ಯಾಟರಿ, ಆಂಟೀ..." ಎಂದ ಬಂಗಲೆ ಹುಡುಗ.

"ಖಾಲಿ ಆಗದೇ ಇರ್ತದಾ ಮಗ? ಅಷ್ಟೊಂದು ದುಡಿಸವ್ರೆ."

"ಮತ್ತೆ ಮಾವ ಯಾಕೆ ಅಳ್ತವ್ನೆ?" ಎಂದು ಖಾಕಿ ಅಂಗಿಯ ಹುಡುಗ ಕೇಳಿದ.

ದೊಡ್ಡಮ್ಮ ಟಿವಿಯ ಕಡೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ, ಭಾಯಿ ಆಗಲೇ ವೈರು ಸುತ್ತುತ್ತಿದ್ದರು. "ಈಗ ಗೊತ್ತಾಗೈತೆ ಅವ್ನಿಗೆ" ಎಂದಳು. "ಅಳ್ಲಿ ಬಿಡು. ಅವಳು ಏಳೋವರ್ಗೂ ಕಾಯ್ಲಿ." ಹೇಳಿ, "ಕಡುಬು ಆರೋಗ್ತದೆ, ಬನ್ನಿ" ಎಂದು ಎಲೆ ಹಾಸಲು ಹೋದಳು. ವಂದನಾರ್ಪಣೆ ಮಾಡಬೇಕಾದ ಅಧ್ಯಕ್ಷರು ಕುರ್ಚಿಯಿಂದ ಏಳಲೇ ಇಲ್ಲ, ಅದೊಂದು ಬಾಕಿ ಉಳಿಯಿತು.

ಮಾರನೆಯ ದಿನ ಐದೂವರೆಗೆ ಅವಳು ಕೂರುತ್ತಾಳೋ ಇಲ್ಲವೋ ಎಂಬ ಚಿಂತೆಯಲ್ಲೇ ನಾವು ಟಿವಿಯ ಮುಂದೆ ಸೇರಿದೆವು. ಬಂಗಲೆ ಹುಡುಗನೂ ಬಂದು ಗೋಡೆಗೆ ಒರಗಿ ಕೂತ. ದೊಡ್ಡಮ್ಮ ಬಂದಳು, ಕುರ್ಚಿಯ ಮೇಲೆ ಕಾಲು ಮಡಚಿ ಕೂತಳು. "ಇನ್ನೂ ಮಲಗೇ ಅವಳೆ" ಎಂದಳು. "ತಣ್ಣಗೆ ಗಾಳಿ ಬೀಸ್ತಾ ಐತೆ. ಯಾರೂ ಕರೀತಿಲ್ಲ. ಅವಳವ್ವ ಬಾಗ್ಲು ಮುಂದಕ್ ಮಾಡಿ..." ಮಾತು ನಿಧಾನವಾಗಿ ನಿಂತಿತು. ನೋಡಿದರೆ ದೊಡ್ಡಮ್ಮನ ಕತ್ತು ವಾಲಿತ್ತು. ಹಿಂದಿನ ದಿನ ಊರಿಗೆಲ್ಲ ಕಡುಬು ಬೇಯಿಸಿದ್ದವಳು, ನಿಜವಾಗಿಯೇ ನಿದ್ದೆ ಹೋಗಿದ್ದಳು.

ಆರು ಗಂಟೆಯಾಯಿತು. ದೀಪ ಹಚ್ಚುವ ಹೊತ್ತಿಗೆ ಮನೆಯ ಹೆಂಗಸು ಮಲಗಿದ್ದರೆ ಬಾಗಿಲಿಗೆ ಬಂದ ಲಕ್ಷ್ಮಿ ಹಿಂದಕ್ಕೆ ಹೋಗುತ್ತಾಳೆ ಎಂದು ನಂಬಿದ ಮನೆ ನಮ್ಮದು. ಜಗಲಿಯಿಂದ ದೊಡ್ಡಪ್ಪ "ಇವಳೇ" ಎಂದರು, ಉತ್ತರ ಬಾರದೆ ಬಾಗಿಲಿಗೆ ಬಂದರು. ಯಾರೂ ಶ್ಶ್ ಎನ್ನಲಿಲ್ಲ. ದೊಡ್ಡಮ್ಮನನ್ನು ಎಬ್ಬಿಸಲು ನಾನು ಎದ್ದೆ. ಅವರು ಕೈ ಸನ್ನೆಯಲ್ಲೇ ಕೂರು ಎಂದರು. ಆಮೇಲೆ ಸದ್ದಾಗದಂತೆ ಹೆಜ್ಜೆಯಿಡುತ್ತಾ ದೇವರ ಕೋಣೆಗೆ ಹೋದರು. ಬತ್ತಿ ಎಲ್ಲಿದೆ, ಎಣ್ಣೆ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕೇಳಲೆಂದು ಒಮ್ಮೆ ಹೊರಗೆ ಇಣುಕಿ, ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡು ಒಳಗೆ ಹೋದರು. ಬೆಂಕಿಕಡ್ಡಿ ಗೀರುವ ಸದ್ದು ಎಷ್ಟೋ ಹೊತ್ತಿನವರೆಗೆ ಕೇಳುತ್ತಿತ್ತು.